ಕುದಿಗಲ್ಲು

ನನ್ನ ಮೇಜಿನ ಮೇಲೆ ಮುಷ್ಟಿಗಾತ್ರದ ಕಲ್ಲೊಂದಿದೆ. ಹೊರಮೈಯನ್ನು ನೋಡಿದರೆ ಅದು ವಿಜಯಪುರದ ಕಡೆಯ ಹೊಲಗಳ ಬದುವಿನಲ್ಲಿ ಎಲ್ಲೆಂದರಲ್ಲಿ ಸಿಕ್ಕುವ ಕರಿಗಲ್ಲಿನ ಚೂರು. ಹೊರಳಿಸಿ ಹಿಡಿದರೆ ಮಾತ್ರ ಅದರ ಒಡಲಿನಲ್ಲಿ ಒಂದು ಪೊಟರೆ ಕಾಣಿಸುತ್ತದೆ. ಪೊಟರೆಯ ಒಳಗೋಡೆಗೆ ಅಂಟಿಕೊಂಡು ತೆಳುಗುಲಾಬಿ ಬಣ್ಣದ ಹರಳುಗಳು ನಿಂತಿವೆ. ಜೋಳದ ಸಿವುಡನ್ನು ನಡುವಿಗೆ ಕಟ್ಟಿ ಎರಡೂ ತುದಿಗಳನ್ನು ಬಿಚ್ಚಿ ಹರಡಿದರೆ ಹೇಗೆ ಕಾಣುವುದೋ ಆ ಹರಳುಗಳ ಆಕಾರ ಹಾಗಿದೆ. ಮನೆಗೆ ಬಂದವರು ಅದನ್ನು ಕೈಗೆತ್ತಿಕೊಂಡು, "ಇದನ್ನು ಎಲ್ಲಿ ಕೊಂಡಿರಿ?" ಎಂದು ಕೇಳುವುದುಂಟು. ಅದು ಕೊಂಡದ್ದಲ್ಲ. ಐವತ್ತು ವರ್ಷಗಳಿಗೂ ಹಿಂದೆ ನನ್ನ ತಂದೆಯವರು ಸಿಟ್ಟಿನಿಂದ ಎಸೆದದ್ದು.

1972ರ ಮಳೆಗಾಲವು ನಮ್ಮ ಸೀಮೆಗೆ ಮೋಡಗಳನ್ನು ತೋರಿಸಿ ಹಾಗೆಯೇ ಹೊರಟುಹೋಯಿತು. ಹಿಂಗಾರಿಯ ಜೋಳ ಮೊಣಕಾಲೆತ್ತರಕ್ಕೆ ಬೆಳೆದು ನಿಂತಲ್ಲಿಯೇ ಒಣಗಿತು. ನಾನಾಗ ಹನ್ನೊಂದು ವರ್ಷದವನು, ಅಣ್ಣನಿಗೆ ಹದಿನಾರು. ಜೋಡೆತ್ತಿನಲ್ಲಿ ಒಂದನ್ನು ಮಾರಿ ಬಂದ ಹಣದಿಂದ ಅಪ್ಪ ಹೊಲದಲ್ಲಿ ಬಾವಿ ತೋಡಿಸಲು ತೊಡಗಿದರು. ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಗರಸಿನ ಕೆಳಗೆ ಕರಿಗಲ್ಲು. ಕಲ್ಲಿಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸಿ, ಒಡೆದ ಚೂರುಗಳನ್ನು ಬುಟ್ಟಿಗೆ ತುಂಬಿ ಹಗ್ಗದಿಂದ ಮೇಲಕ್ಕೆಳೆಯಬೇಕು. ಬೇಸಿಗೆ ಬರುವ ಹೊತ್ತಿಗೆ ಬಾವಿಯ ಆಳ ನಲವತ್ತು ಅಡಿಯಾಗಿತ್ತು. ಹಣ ಮುಗಿಯುತ್ತ ಬಂದಿತ್ತು. ಕಲ್ಲು ಒಂದು ಹನಿಯನ್ನೂ ಕೊಟ್ಟಿರಲಿಲ್ಲ. ಊರಿನ ಹಿರಿಯರೊಬ್ಬರು ಬಾವಿಯ ದಂಡೆಗೆ ಬಂದು, "ಕಲ್ಲ ಹಿಂಡಿ ನೀರ ತಗೀತೀ ಏನ್ಪಾ?" ಎಂದು ನಕ್ಕು ಹೋಗಿದ್ದರು.

ಒಂದು ಸಂಜೆ ಮೇಲೆ ಬಂದ ಬುಟ್ಟಿಯಲ್ಲಿ ಈ ಕಲ್ಲು ಇತ್ತು. ಇಳಿಬಿಸಿಲು ಪೊಟರೆಯೊಳಗೆ ಬಿದ್ದು ಹರಳುಗಳು ಮಿಂಚಿದವು. ನಾನು ಅದನ್ನೆತ್ತಿಕೊಂಡು, "ಅಪ್ಪಾ, ವಜ್ರ ಬಂತು, ವಜ್ರ!" ಎಂದು ಬಾವಿಯ ಸುತ್ತ ಕುಣಿದೆ. ಅಪ್ಪ ಕಲ್ಲನ್ನು ಕೈಗೆ ತೆಗೆದುಕೊಂಡರು. ಸ್ವಲ್ಪ ಹೊತ್ತು ನೋಡಿದರು. "ನೀರ ಕೇಳಿದ್ರ ಗಾಜ ಕೊಡತೈತಿ" ಎಂದು ಹೇಳಿ ಕಲ್ಲಿನ ರಾಶಿಯತ್ತ ಬೀಸಿ ಎಸೆದರು. ಅವರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಈಗಲೂ ಅನ್ನಿಸುತ್ತದೆ. ಮನೆಯ ಎತ್ತು ಹೋಗಿದ್ದ ದಿನಗಳಲ್ಲಿ ನಾನು ಕುಣಿದಿದ್ದೆ. ಮರುವಾರ ಬಾವಿಯ ಕೆಲಸ ನಿಂತಿತು.

ಅಂದು ರಾತ್ರಿ ಅಣ್ಣ ಆ ಕಲ್ಲನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ತಂದು ನನ್ನ ಕೈಯಲ್ಲಿಟ್ಟ. "ಅಪ್ಪಗ ತೋರಸಬ್ಯಾಡ" ಎಂದ. ಎಸೆತಕ್ಕೆ ಅದರ ಒಂದು ಅಂಚು ಮುರಿದಿತ್ತು.

ಇದು ವಜ್ರವಲ್ಲವೆಂದು ಗೊತ್ತಾದದ್ದು ಊರಿನ ಪತ್ತಾರರ ಅಂಗಡಿಯಲ್ಲಿ. ಪತ್ತಾರ ಕಾಕಾ ಹರಳಿನ ಒಂದು ಸಿಪ್ಪೆಯನ್ನು ಇಕ್ಕುಳದಿಂದ ಕಿತ್ತು ಇದ್ದಿಲಿನ ಮೇಲಿಟ್ಟರು. ದೀಪದ ಕುಡಿಯನ್ನು ಊದುಗೊಳವೆಯಿಂದ ಊದಿ ಅದರ ಮೇಲೆ ಹಾಯಿಸಿದರು. ಹರಳು ಮೊದಲು ಬೆಳ್ಳಗಾಯಿತು. ಬಳಿಕ ನೋಡನೋಡುತ್ತಿದ್ದಂತೆ ಉಬ್ಬಿತು, ಪದರ ಪದರವಾಗಿ ಬಿಚ್ಚಿಕೊಂಡು ಹುಳುವಿನ ಹಾಗೆ ಹೊರಳಿತು, ಕೊನೆಗೆ ಬಿಳಿಯ ಗಾಜಿನ ಗುಂಡಾಗಿ ನಿಂತಿತು. ಕಾಕಾ ಗೊಳವೆಯನ್ನು ಬಾಯಿಂದ ತೆಗೆದು, "ತಮ್ಮಾ, ಇದು ವಜ್ರದ ಜಾತಿ ಅಲ್ಲ, ಹಪ್ಪಳದ ಜಾತಿ" ಎಂದರು.

ಅಂದು ನಾನು ನಿರಾಶನಾಗಿ ಮನೆಗೆ ಬಂದೆ. ಆ ಅಂಗಡಿಯಲ್ಲಿ ನಡೆದ ಪರೀಕ್ಷೆಗೆ ಎಂಥ ಹಿರಿಯ ಪೂರ್ವಿಕನಿದ್ದನೆಂಬುದು ಹತ್ತು ವರ್ಷಗಳ ಅನಂತರ, ಧಾರವಾಡದಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಗ ತಿಳಿಯಿತು. 1983ನೆಯ ಇಸವಿ. ಕಲ್ಲು ನನ್ನ ಕೋಣೆಯಲ್ಲಿ ಕಾಗದಗಳು ಹಾರದಂತೆ ಕುಳಿತಿತ್ತು. ಭೂವಿಜ್ಞಾನ ಓದುತ್ತಿದ್ದ ಗೆಳೆಯನೊಬ್ಬ ಅದನ್ನು ಕಂಡು, "ಇದು ಸ್ಟಿಲ್‌ಬೈಟ್. ಜಿಯೋಲೈಟ್ ಎಂಬ ಖನಿಜಗಳ ಮನೆತನದ್ದು" ಎಂದ. ಜಿಯೋಲೈಟ್ ಎಂದರೇನೆಂದು ಕೇಳಿದೆ. ಅವನು ಹೇಳಿದ ಕಥೆ ಹೀಗಿತ್ತು.

ಸ್ವೀಡನ್ ದೇಶದಲ್ಲಿ ಆಕ್ಸೆಲ್ ಫ್ರೆಡ್ರಿಕ್ ಕ್ರೋನ್‌ಸ್ಟೆಡ್ ಎಂಬ ಖನಿಜ ಶಾಸ್ತ್ರಜ್ಞನಿದ್ದ. ನಿಕ್ಕಲ್ ಲೋಹವನ್ನು ಲೋಕಕ್ಕೆ ತೋರಿಸಿಕೊಟ್ಟವನೂ ಅವನೇ. ಕಲ್ಲುಗಳ ಗುಣವನ್ನು ತಿಳಿಯಲು ಅವನು ಬಳಸುತ್ತಿದ್ದ ಮುಖ್ಯ ಸಾಧನ ಊದುಗೊಳವೆ. ನಮ್ಮ ಪತ್ತಾರರ ಕೈಯಲ್ಲಿದ್ದಂಥದೇ. 1756ರಲ್ಲಿ ಅವನು ಐಸ್‌ಲ್ಯಾಂಡಿನಿಂದಲೂ ಲ್ಯಾಪ್‌ಲ್ಯಾಂಡಿನ ತಾಮ್ರದ ಗಣಿಯಿಂದಲೂ ಬಂದ ಹರಳುಗಳನ್ನು ಉರಿಗೆ ಹಿಡಿದಾಗ ಅವು ನೊರೆಗರೆಯುತ್ತ ಉಬ್ಬಿದವು. ಕಲ್ಲು ಕುದಿಯುತ್ತಿದೆಯೆಂದೇ ಅವನಿಗೆ ತೋರಿತು. ಗ್ರೀಕ್ ಭಾಷೆಯಲ್ಲಿ 'ಕುದಿ' ಎಂಬರ್ಥದ ಮಾತಿಗೆ 'ಕಲ್ಲು' ಎಂಬರ್ಥದ ಮಾತನ್ನು ಸೇರಿಸಿ ಅವನು ಜಿಯೋಲೈಟ್ ಎಂಬ ಹೆಸರನ್ನು ಕಟ್ಟಿದ. ಕನ್ನಡದ ವಿದ್ಯಾರ್ಥಿಯಾದ ನಾನು ಅಲ್ಲಿಯೇ ಅದಕ್ಕೆ 'ಕುದಿಗಲ್ಲು' ಎಂದು ಹೆಸರಿಟ್ಟೆ. ಆದೇಶ ಸಂಧಿ ತಾನಾಗಿಯೇ ಒದಗಿ ಬಂದಿತು. ಗೆಳೆಯನಿಗೆ ಸಂಧಿಯಲ್ಲಿ ಆಸಕ್ತಿ ಇರಲಿಲ್ಲ.

ಕಲ್ಲು ಕುದಿಯುವುದೆಂದರೇನು? ಕುದಿಯುವುದು ಕಲ್ಲಲ್ಲ, ಅದರೊಳಗಿನ ನೀರು. ಇದನ್ನು ಕೇಳಿದಾಗ ನಾನು ಸ್ವಲ್ಪ ಹೊತ್ತು ಮಾತನಾಡದೆ ಕುಳಿತೆ. ಸ್ಟಿಲ್‌ಬೈಟ್ ಹರಳಿನ ತೂಕದಲ್ಲಿ ಸುಮಾರು ಆರನೆಯ ಒಂದು ಪಾಲು ನೀರೇ ಇದೆ. ಆರು ತೊಲ ಹರಳಿನಲ್ಲಿ ಒಂದು ತೊಲ ನೀರು! ಮುಟ್ಟಿದರೆ ಕೈ ಒದ್ದೆಯಾಗದು, ಹಿಂಡಿದರೆ ಹನಿ ಬೀಳದು, ಆದರೂ ಅದು ನೀರು. ಎತ್ತನ್ನು ಮಾರಿ ನೀರು ಹುಡುಕಿದ ಅಪ್ಪ, ನೀರಿದ್ದ ಹರಳನ್ನು ಕೈಯಲ್ಲಿ ಹಿಡಿದು ನೋಡಿ, ಗಾಜೆಂದು ಎಸೆದಿದ್ದರು. ಅಪ್ಪನಿಗೆ ಇದನ್ನು ಹೇಳಬೇಕೆಂದು ಮುಂದಿನ ರಜೆಯಲ್ಲಿ ಊರಿಗೆ ಹೋದೆ, ಹೇಳಲಾಗಲಿಲ್ಲ. ಹೊಲಕ್ಕೆ ಒದಗದ ನೀರನ್ನು ನೀರೆಂದು ಅವರಿಗೆ ಹೇಗೆ ಹೇಳುವುದು?

ನೀರನ್ನು ಒಡಲಲ್ಲಿಟ್ಟುಕೊಂಡ ಹರಳುಗಳು ಬೇರೆಯೂ ಇವೆ. ಮೈಲುತುತ್ತವನ್ನು ನೀವು ಪ್ರಯೋಗಶಾಲೆಯಲ್ಲಿ ಕಾಯಿಸಿ ನೋಡಿರಬಹುದು. ನೀರು ಹೋದೊಡನೆ ಅದರ ನೀಲಿ ಬಣ್ಣ ಅಳಿದು, ಹರಳು ಮುರಿದು ಬಿಳಿಯ ಪುಡಿಯಾಗುತ್ತದೆ. ಅಲ್ಲಿ ನೀರು ಮನೆಯ ತೊಲೆಯಿದ್ದಂತೆ. ತೆಗೆದರೆ ಮನೆ ಕುಸಿಯುತ್ತದೆ. ಜಿಯೋಲೈಟಿನಲ್ಲಿ ನೀರು ಮನೆಯೊಳಗಿನ ಅತಿಥಿ. ಪತ್ತಾರರ ಉರಿಯಂತಹ ಉಗ್ರ ಶಾಖವನ್ನು ಕೊಡದೆ ಹದವಾಗಿ ಕಾಯಿಸಿದರೆ ನೀರು ಆವಿಯಾಗಿ ಹೊರಟುಹೋಗುತ್ತದೆ. ಎಷ್ಟೋ ಜಿಯೋಲೈಟುಗಳಲ್ಲಿ ಮನೆ ಹಾಗೆಯೇ ನಿಂತಿರುತ್ತದೆ. ತಣ್ಣಗಾದ ಹರಳು ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಮತ್ತೆ ತುಂಬಿಕೊಳ್ಳುತ್ತದೆ. ಇದನ್ನು 1840ರಲ್ಲಿ ದಾಮೂರ್ ಎಂಬ ಫ್ರೆಂಚ್ ವಿಜ್ಞಾನಿ ತೋರಿಸಿದ. ಆದರೆ ಮನೆತನದ ಮಕ್ಕಳೆಲ್ಲ ಒಂದೇ ಬಗೆಯವರಲ್ಲ. ನನ್ನ ಕಲ್ಲಿನ ಪೊಟರೆಯಲ್ಲಿ ಮೊದಲು ಗುಲಾಬಿ ಹರಳುಗಳ ನಡುವೆ ಬಿಳಿಯ ಕಡ್ಡಿಗಳೂ ಇದ್ದವು. ಹಾಸ್ಟೆಲಿನ ಒಣಕೋಣೆಯಲ್ಲಿ ಅವು ವರ್ಷ ವರ್ಷಕ್ಕೆ ಬಣ್ಣಗೆಟ್ಟು ಹಿಟ್ಟಾಗಿ ಉದುರಿಹೋದವು. ಅವು ಲಾಮಾಂಟೈಟ್ ಎಂಬ ಜಾತಿಯವಂತೆ. ಒಣಹವೆಗೆ ತಮ್ಮ ನೀರಿನ ಒಂದಂಶವನ್ನು ಬಿಟ್ಟುಕೊಟ್ಟು ತಾವೂ ಸಡಿಲವಾಗಿ ಪುಡಿಯಾಗುವುದು ಅವುಗಳ ಗುಣ.

ಈ ಮನೆಯ ರಚನೆಯನ್ನು ಸ್ವಲ್ಪ ನೋಡೋಣ. ಒಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಮೂಲೆಗಳಲ್ಲಿ ನಾಲ್ಕು ಆಮ್ಲಜನಕದ ಪರಮಾಣುಗಳು. ಪ್ರತಿ ಮೂಲೆಯನ್ನೂ ಪಕ್ಕದ ಇನ್ನೊಂದು ಸಿಲಿಕಾನ್ ಹಂಚಿಕೊಳ್ಳುತ್ತದೆ. ಹೀಗೆ ಕೈ ಕೈ ಹಿಡಿದು ಬೆಳೆದ ಜಾಲವು ಒತ್ತಾಗಿ ಹೆಣೆದುಕೊಂಡರೆ ಸಾಮಾನ್ಯವಾದ ಬಿಳಿಗಲ್ಲು, ಎಂದರೆ ಸ್ಫಟಿಕಶಿಲೆ. ಜಿಯೋಲೈಟಿನಲ್ಲಿ ಹೆಣಿಗೆ ಸಡಿಲ. ನಡುನಡುವೆ ಕೋಣೆಗಳು, ಕೋಣೆಯಿಂದ ಕೋಣೆಗೆ ಓಣಿಗಳು, ಓಣಿಗಳಿಗೆ ಕಿಂಡಿಗಳು. ಕಿಂಡಿಯ ಅಗಲ ಜಾತಿಯಿಂದ ಜಾತಿಗೆ ಬೇರೆ. ಸಾಮಾನ್ಯವಾಗಿ ಮಿಲಿಮೀಟರನ್ನು ಒಂದು ಕೋಟಿ ಭಾಗ ಮಾಡಿದರೆ ಅಂತಹ ಮೂರರಿಂದ ಎಂಟು ಭಾಗದಷ್ಟು. ಆದರೆ ಒಂದೇ ಹರಳಿನಲ್ಲಿ ಎಲ್ಲ ಕಿಂಡಿಗಳೂ ಅಳತೆಯಲ್ಲಿ ನಿಯತ. ಯಾವ ಬಡಗಿಯೂ ಇಷ್ಟು ಕಿಟಕಿಗಳನ್ನು ಇಷ್ಟು ಸರಿಯಾಗಿ ಕೊರೆಯಲಾರ. ಇನ್ನು, ಜಾಲದ ಕೆಲವೆಡೆ ಸಿಲಿಕಾನಿನ ಸ್ಥಾನದಲ್ಲಿ ಅಲ್ಯೂಮಿನಿಯಂ ಕುಳಿತಿರುತ್ತದೆ. ಅದು ಕುಳಿತಲ್ಲೆಲ್ಲ ಒಂದು ಋಣ ವಿದ್ಯುದಂಶ ಹೆಚ್ಚಾಗುತ್ತದೆ. ಈ ಸಾಲವನ್ನು ತೀರಿಸಲು ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದ ಧನ ಅಯಾನುಗಳು ಕೋಣೆಗಳಲ್ಲಿ ನೀರಿನೊಡನೆ ವಾಸವಾಗಿರುತ್ತವೆ. ಅವು ಮನೆಯ ಗೋಡೆಗೆ ಸೇರಿದವಲ್ಲ, ಬಾಡಿಗೆಗೆ ಬಂದವು. ಇನ್ನೊಬ್ಬರು ಬಂದರೆ ಎದ್ದು ಹೋಗುತ್ತವೆ.

ಬಾಡಿಗೆಯವರ ಈ ಅದಲುಬದಲಿನಿಂದ ಮನುಷ್ಯನಿಗೆ ಒದಗಿದ ಮೊದಲ ದೊಡ್ಡ ಉಪಕಾರವು ನಮ್ಮ ಸೀಮೆಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಬಾವಿಗಳದು ಗಡಸು ನೀರು. ಬೇಳೆ ಬೇಯದು, ಸಾಬೂನು ನೊರೆಯಾಗದು. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೇ ಇದಕ್ಕೆ ಕಾರಣ. ಸೋಡಿಯಂ ತುಂಬಿದ ಜಿಯೋಲೈಟಿನ ಮೂಲಕ ಈ ನೀರನ್ನು ಹಾಯಿಸಿದರೆ ಕ್ಯಾಲ್ಸಿಯಂ ಒಳಗೆ ಉಳಿದು ಸೋಡಿಯಂ ಹೊರಬರುತ್ತದೆ, ನೀರು ಮೆದುವಾಗುತ್ತದೆ. ಕೋಣೆಗಳೆಲ್ಲ ಕ್ಯಾಲ್ಸಿಯಮ್ಮಿನಿಂದ ತುಂಬಿದ ಮೇಲೆ ಗಟ್ಟಿಯಾದ ಉಪ್ಪುನೀರನ್ನು ಹಾಯಿಸಬೇಕು. ಸೋಡಿಯಂ ಮರಳಿ ಮನೆಗೆ ಬರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ಇದಕ್ಕಾಗಿ ಕೃತಕ ಜಿಯೋಲೈಟನ್ನು ತಯಾರಿಸಿದರು. ಪರ್ಮ್ಯುಟಿಟ್ ಎಂಬ ಅದರ ಹೆಸರು ಬಹುಕಾಲ ಶಾಲೆಯ ಪಠ್ಯಗಳಲ್ಲಿ ಇತ್ತು. ಇಂದು ಬಟ್ಟೆ ಒಗೆಯುವ ಎಷ್ಟೋ ಪುಡಿಗಳಲ್ಲಿ ಇದೇ ಕೆಲಸಕ್ಕೆ ಜಿಯೋಲೈಟ್ ಇರುತ್ತದೆ. ಅಣುಸ್ಥಾವರಗಳ ಕಲುಷಿತ ನೀರಿನಿಂದ ಸೀಸಿಯಂ ಎಂಬ ವಿಕಿರಣಶೀಲ ಧಾತುವನ್ನು ಹಿಡಿದು ತೆಗೆಯುವುದಕ್ಕೂ ಅದನ್ನು ಬಳಸುತ್ತಾರೆ. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಅವಘಡವಾದ ಮೇಲೆ ಬಳಸಿದ ಉಪಾಯಗಳಲ್ಲಿ ಇದೂ ಒಂದು.

ಹರಳು ನಮ್ಮ ಬಾವಿಯೊಳಗೆ ಹೇಗೆ ಬಂದಿತೆಂಬುದು ನನಗೆ ಇವೆಲ್ಲಕ್ಕಿಂತ ಹಿರಿದಾದ ಕಥೆಯಾಗಿ ಕಾಣುತ್ತದೆ. ಸುಮಾರು ಆರು ಕೋಟಿ ಅರುವತ್ತು ಲಕ್ಷ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಬಿರಿಯಿತು. ಉದ್ದುದ್ದವಾದ ಬಿರುಕುಗಳಿಂದ ಶಿಲಾರಸವು ಉಕ್ಕಿ ಹರಿದು, ತಣಿದು, ಅದರ ಮೇಲೆ ಮತ್ತೆ ಹರಿದು ಪದರ ಪದರವಾಗಿ ಕೂಡಿತು. ಈಗ ಉಳಿದಿರುವ ಹಾಸಿನ ವಿಸ್ತಾರವೇ ಸುಮಾರು ಐದು ಲಕ್ಷ ಚದರ ಕಿಲೋಮೀಟರು. ಮಹಾರಾಷ್ಟ್ರದ ಬಹುಭಾಗ ಅದರ ಮೇಲಿದೆ. ನಮ್ಮ ನಾಡಿನ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳ ಕಡೆಗೆ ಅದರ ಸೆರಗು ಚಾಚಿದೆ. ಬೆಟ್ಟಗಳಲ್ಲಿ ಈ ಪದರಗಳು ಮೆಟ್ಟಿಲುಗಳಂತೆ ಕಾಣುವುದರಿಂದ ಭೂವಿಜ್ಞಾನಿಗಳು ಇದನ್ನು ದಖ್ಖನ್ ಟ್ರ್ಯಾಪ್ ಎನ್ನುತ್ತಾರೆ. ಟ್ರ್ಯಾಪ್ ಎಂಬುದು ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಮಾತಿನಿಂದ ಬಂದದ್ದು. ಬಂಡೆಯ ಹೆಸರೂ ಹರಳಿನ ಹೆಸರೂ ಒಂದೇ ದೇಶದಿಂದ ಬಂದು ನಮ್ಮ ಹೊಲದಲ್ಲಿ ಕೂಡಿಕೊಂಡವು.

ಹರಿಯುವ ಶಿಲಾರಸದಲ್ಲಿ ಆವಿಯೂ ಅನಿಲಗಳೂ ಕರಗಿರುತ್ತವೆ. ಮೇಲೆ ಬರುತ್ತಿದ್ದಂತೆ ಒತ್ತಡ ಇಳಿದು ಅವು ಗುಳ್ಳೆಗಳಾಗುತ್ತವೆ. ಹೆಂಚಿನ ಮೇಲಿನ ದೋಸೆಯಲ್ಲಿ ತೂತುಗಳು ಮೂಡುವಂತೆ ಪದರದ ಮೇಲ್ಭಾಗದಲ್ಲಿ ಗುಳ್ಳೆಗಳು ಸಿಕ್ಕಿಕೊಂಡು ರಸ ಗಟ್ಟಿಯಾಗುತ್ತದೆ. ಹೀಗೆ ಉಂಟಾದವು ಪೊಟರೆಗಳು. ಆಗ ಅವು ಬರಿದಾಗಿದ್ದವು. ಬಳಿಕ ಬಂದದ್ದು ನೀರು. ಮಳೆಯ ನೀರು ಬಿರುಕುಗಳಲ್ಲಿ ಇಳಿದು, ಇನ್ನೂ ಬೆಚ್ಚಗಿದ್ದ ಬಂಡೆಯನ್ನು ಹಾಯ್ದು, ಅದರೊಳಗಿನ ಗಾಜಿನಂತಹ ಅಂಶವನ್ನೂ ಖನಿಜಗಳನ್ನೂ ಕೊಂಚ ಕೊಂಚವಾಗಿ ಕರಗಿಸಿಕೊಂಡಿತು. ಸಿಲಿಕಾ, ಅಲ್ಯೂಮಿನಾ, ಸುಣ್ಣ, ಸೋಡಾಗಳನ್ನು ಹೊತ್ತ ಆ ನೀರು ಪೊಟರೆಗೆ ಬಂದು ನಿಂತಾಗ ತನ್ನ ಹೊರೆಯನ್ನು ಹರಳು ಹರಳಾಗಿ ಗೋಡೆಗೆ ಇಳಿಸಿತು. ಯಾವ ಹರಳು ಬೆಳೆಯಬೇಕೆಂಬುದು ನೀರಿನ ಬಿಸಿಯನ್ನೂ ಅದು ಹೊತ್ತ ಪದಾರ್ಥಗಳನ್ನೂ ಅವಲಂಬಿಸಿತು. ಒಂದು ಕಡೆ ಸ್ಟಿಲ್‌ಬೈಟ್, ಇನ್ನೊಂದು ಕಡೆ ಹ್ಯೂಲಾಂಡೈಟ್, ಮತ್ತೊಂದು ಕಡೆ ಸೂಜಿಗಳ ಕಟ್ಟಿನಂತಹ ಸ್ಕೋಲೆಸೈಟ್. ಶಿಲಾರಸ ತಣಿದು ಬಹುಕಾಲವಾದ ಮೇಲೂ ಈ ಕೆಲಸ ನಡೆಯುತ್ತಲೇ ಇತ್ತು. ಹರಳು ತುಂಬಿದ ಸಣ್ಣ ಗುಳ್ಳೆಗಳು ಬಾದಾಮಿಯ ಬೀಜದಂತೆ ಕಾಣುವುದರಿಂದ ಇಂತಹ ಬಂಡೆಗೆ ಭೂವಿಜ್ಞಾನಿಗಳು ಬಾದಾಮಿ ಎಂಬರ್ಥದ ಗ್ರೀಕ್ ಹೆಸರನ್ನು ಕೊಟ್ಟಿದ್ದಾರೆ. ನಮ್ಮ ಬಾದಾಮಿ ಊರಿನ ಬಂಡೆ ಮಾತ್ರ ಇದಲ್ಲ, ಅದು ಮರಳುಗಲ್ಲು.

ಎಲ್ಲ ಜಿಯೋಲೈಟುಗಳೂ ಹೀಗೆ ಪೊಟರೆಯಲ್ಲಿ ಹುಟ್ಟಿದವಲ್ಲ. ಜ್ವಾಲಾಮುಖಿಯ ಬೂದಿ ಕ್ಷಾರಗುಣದ ಸರೋವರಗಳಲ್ಲಿಯೋ ಕಡಲಿನಲ್ಲಿಯೋ ಬಿದ್ದು, ಕಾಲಾಂತರದಲ್ಲಿ ಇಡೀ ಪದರವೇ ಜಿಯೋಲೈಟಾಗಿ ಮಾರ್ಪಡುವುದೂ ಉಂಟು. ಗಣಿಗಳಿಂದ ಗಾಡಿಗಟ್ಟಲೆ ತೆಗೆಯುವುದು ಇದನ್ನೇ. ಅದು ನೋಡಲು ಚೆಂದವಿಲ್ಲ, ಹಗುರವಾದ ಮಣ್ಣುಕಲ್ಲು. ಇಟಲಿಯ ನೇಪಲ್ಸ್ ನಗರದ ಹಳೆಯ ಮನೆಗಳನ್ನು ಇಂತಹ ಹಳದಿ ಕಲ್ಲಿನಿಂದ ಕಟ್ಟಿದ್ದಾರೆ.

ಚೆಂದದ ಹರಳುಗಳಿಗೆ ಲೋಕದಲ್ಲಿ ಪ್ರಸಿದ್ಧವಾದ ತಾಣ ಮಹಾರಾಷ್ಟ್ರ. ಮುಂಬಯಿ–ಪುಣೆಯ ನಡುವೆ ಭೋರ್ ಘಾಟಿನಲ್ಲಿ ರೈಲುದಾರಿಯ ಕೆಲಸ 1856ರಲ್ಲಿ ಆರಂಭವಾಗಿ 1863ರಲ್ಲಿ ಮುಗಿಯಿತು. ಬೆಟ್ಟವನ್ನು ಸಿಡಿಸುತ್ತ ಹೋದಾಗ ಹರಳು ತುಂಬಿದ ಪೊಟರೆಗಳು ತೆರೆದುಕೊಂಡವು. ಅಲ್ಲಿ ದುಡಿದ ಕೂಲಿಗಳಲ್ಲಿ ಸಾವಿರಾರು ಮಂದಿ ರೋಗದಿಂದಲೂ ಅಪಘಾತಗಳಿಂದಲೂ ಸತ್ತರು. ಹರಳುಗಳು ಹಡಗನ್ನೇರಿ ಇಂಗ್ಲೆಂಡಿನ ವಸ್ತುಸಂಗ್ರಹಾಲಯಗಳನ್ನು ಸೇರಿದವು. ಪುಣೆಯ ಅಂಚಿನಲ್ಲಿ ಪಾಷಾಣ ಎಂಬ ಹೆಸರಿನ ಊರೇ ಇದೆ. ಅಲ್ಲಿನ ಕಲ್ಲುಗಣಿಗಳು ಒಂದು ಕಾಲಕ್ಕೆ ಇಂತಹ ಹರಳುಗಳಿಗೆ ಹೆಸರಾಗಿದ್ದವು. ಆ ಊರಿನ ದಾರಿಯಲ್ಲಿಯೇ 1950ರಲ್ಲಿ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವು ತೆರೆಯಿತು. ಮುಂದೆ 1980ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ತಯಾರಿಸಿದ ಜಿಯೋಲೈಟ್ ವೇಗವರ್ಧಕವು ಬರೋಡಾದ ಪೆಟ್ರೋರಾಸಾಯನಿಕ ಕಾರ್ಖಾನೆಯಲ್ಲಿ ಬಳಕೆಗೆ ಬಂದಿತು. ಒಂದೇ ದಾರಿಯಲ್ಲಿ ಪ್ರಕೃತಿಯು ಕಟ್ಟಿದ ಕುದಿಗಲ್ಲೂ ಮನುಷ್ಯನು ಕಟ್ಟಿದ ಕುದಿಗಲ್ಲೂ ಎದುರುಬದುರಾಗಿದ್ದುದನ್ನು ನೆನೆದರೆ ನನಗೆ ಸಂತೋಷವಾಗುತ್ತದೆ.

ಮನುಷ್ಯನು ಕಟ್ಟಿದ್ದೆಂದೆನಲ್ಲ, ಅದೂ ನಿಜವೇ. ಬ್ರಿಟನ್ನಿನ ರಿಚರ್ಡ್ ಬ್ಯಾರರ್ 1940ರ ದಶಕದಲ್ಲಿ ಪ್ರಕೃತಿಯಲ್ಲಿ ಕಾಣದಿದ್ದ ಜಿಯೋಲೈಟನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ. ಅಮೆರಿಕದಲ್ಲಿ ರಾಬರ್ಟ್ ಮಿಲ್ಟನ್ ಮತ್ತು ಅವನ ಸಂಗಡಿಗರು ಅದನ್ನು ಕುದಿನೀರಿನಷ್ಟು ಬಿಸಿಯಲ್ಲಿ, ಕೆಲವು ಗಂಟೆಗಳಲ್ಲಿ ತಯಾರಿಸುವ ಮಾರ್ಗವನ್ನು ಕಂಡುಹಿಡಿದರು. ಪೆಟ್ರೋಲು ತಯಾರಿಕೆ ಮೊದಲಾಗಿ ಹಲವು ಉದ್ಯಮಗಳು ಅದನ್ನು ನೆಚ್ಚಿಕೊಂಡಿವೆ. ಕಿಂಡಿಗಿಂತ ಸಣ್ಣ ಅಣುವನ್ನು ಒಳಗೆ ಬಿಟ್ಟು ದೊಡ್ಡದನ್ನು ಹೊರಗೆ ನಿಲ್ಲಿಸುವ ಇದರ ಗುಣಕ್ಕೆ ಅಣುಜರಡಿ ಎಂಬ ಹೆಸರೂ ಬಂದಿತು.

ಈ ಮನೆತನದ ಬಗೆಗೆ ಒಳ್ಳೆಯದನ್ನೇ ಹೇಳಿ ಮುಂದೆ ಹೋಗುವುದು ಸರಿಯಲ್ಲ. ಎರಿಯೊನೈಟ್ ಎಂಬುದು ಉಣ್ಣೆಯ ಎಳೆಗಳಂತಹ ಜಿಯೋಲೈಟ್. ಟರ್ಕಿ ದೇಶದ ಕಪ್ಪಡೋಸಿಯ ಸೀಮೆಯಲ್ಲಿ ಕೆಲವು ಹಳ್ಳಿಗಳ ಜನ ಇದು ಬೆರೆತ ಕಲ್ಲಿನಿಂದಲೇ ಮನೆ ಕಟ್ಟಿಕೊಂಡಿದ್ದರು. ಅದರ ಧೂಳನ್ನು ಉಸಿರಾಡಿದವರಲ್ಲಿ ಪುಪ್ಪುಸದ ಹೊದಿಕೆಗೆ ತಗಲುವ ಅಪರೂಪದ ಕ್ಯಾನ್ಸರ್ ಮನೆಮನೆಯಲ್ಲೂ ಕಾಣಿಸಿಕೊಂಡಿತು. ವೈದ್ಯರು 1970ರ ದಶಕದಲ್ಲಿ ಇದನ್ನು ಗುರುತಿಸಿದರು. ಆ ಹಳ್ಳಿಗರು ಹುಟ್ಟಿದಂದಿನಿಂದ ಮಲಗಿದ್ದು ಆ ಗೋಡೆಗಳ ನಡುವೆ.

ಉಸಿರಿನ ಮಾತು ಬಂದಿತು. 2021ರ ಮೇ ತಿಂಗಳು. ಕೋವಿಡ್ ರೋಗದ ಎರಡನೆಯ ಅಲೆ ಹಳ್ಳಿಗಳಿಗೂ ಬಂದಿತ್ತು. ಅಣ್ಣನಿಗೆ ಜ್ವರ ಬಂದು ಐದನೆಯ ದಿನ ಉಸಿರು ಮೇಲೆ ಮೇಲೆ ಬರತೊಡಗಿತು. ಬೆರಳಿಗೆ ಸಿಕ್ಕಿಸುವ ಮಾಪಕ ಎಂಬತ್ತಾರನ್ನು ತೋರಿಸಿತು. ಎರಡು ಆಸ್ಪತ್ರೆಗಳಲ್ಲಿ ಹಾಸಿಗೆ ಇಲ್ಲವೆಂದರು. ಊರಿನ ಹುಡುಗರು ಎಲ್ಲೆಲ್ಲಿಯೋ ಅಲೆದು ಆಮ್ಲಜನಕ ಸಾಂದ್ರಕ ಯಂತ್ರವೊಂದನ್ನು ತಂದು ಪಡಸಾಲೆಯಲ್ಲಿ ಇಳಿಸಿದರು. ವೈದ್ಯರು ದೂರವಾಣಿಯಲ್ಲಿ ಹೇಳಿದಂತೆ ಕೊಳವೆಯನ್ನು ಅಣ್ಣನ ಮೂಗಿಗೆ ಹಚ್ಚಿದೆವು. ಯಂತ್ರವು ಕೆಲವು ಸೆಕೆಂಡುಗಳಿಗೊಮ್ಮೆ ಉಸ್ಸೆಂದು ಉಸಿರು ಬಿಡುತ್ತ ನಡೆಯಿತು. ಮಾಪಕ ತೊಂಬತ್ತಕ್ಕೆ ಏರಿತು. ತೊಂಬತ್ತೆರಡಕ್ಕೆ ಬಂದು ನಿಂತಿತು. ಎರಡನೆಯ ರಾತ್ರಿ ಗುಡುಗು ಮಳೆ ಬಂದು ವಿದ್ಯುತ್ತು ಹೋಯಿತು. ಯಂತ್ರ ಸುಮ್ಮನಾಯಿತು. ಮಠದ ಇನ್ವರ್ಟರನ್ನು ಕೈಗಾಡಿಯಲ್ಲಿ ತಂದು ಜೋಡಿಸುವವರೆಗಿನ ಆ ಇಪ್ಪತ್ತು ನಿಮಿಷ ನಾನು ಅಣ್ಣನ ಎದೆಯ ಏರಿಳಿತವನ್ನೇ ಎಣಿಸುತ್ತ ಕುಳಿತಿದ್ದೆ.

ಮರುದಿನ ಯಂತ್ರವನ್ನು ನೋಡಲು ಬಂದ ತಂತ್ರಜ್ಞನು, "ಗುರುಗಳೇ, ಇದನ್ನು ಥಂಡಿ ಗೋಡೆಯ ಹತ್ತಿರ ಇಡಬ್ಯಾಡ್ರಿ. ಒಳಗಿನ ಜಿಯೋಲೈಟ್ ಕಾಳು ನೀರ ಕುಡದು ಕೆಡತಾವ" ಎಂದ. ಮೂವತ್ತೆಂಟು ವರ್ಷಗಳ ಹಿಂದೆ ಧಾರವಾಡದ ಕೋಣೆಯಲ್ಲಿ ಕೇಳಿದ ಹೆಸರು ಪಡಸಾಲೆಯಲ್ಲಿ ಅವನ ಬಾಯಿಂದ ಬಂದಿತು. ನಾನು ಅವನನ್ನು ಕೂರಿಸಿಕೊಂಡು ಎಲ್ಲವನ್ನೂ ಕೇಳಿದೆ. ಬಳಿಕ ಪುಸ್ತಕಗಳನ್ನೂ ನೋಡಿದೆ.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಎಪ್ಪತ್ತೆಂಟು ಪಾಲು ಸಾರಜನಕ, ಇಪ್ಪತ್ತೊಂದು ಪಾಲು ಆಮ್ಲಜನಕ. ಯಂತ್ರದೊಳಗೆ ಜಿಯೋಲೈಟ್ ಕಾಳುಗಳನ್ನು ತುಂಬಿದ ಎರಡು ಕೊಳಾಯಿಗಳಿವೆ. ಗಾಳಿಯನ್ನು ಒತ್ತಿ ಒಂದರೊಳಗೆ ತುಂಬಿದಾಗ ಸಾರಜನಕವು ಹೆಚ್ಚಾಗಿ ಒಳಗಿನ ಕೋಣೆಗಳಲ್ಲಿ ನಿಲ್ಲುತ್ತದೆ. ಆಮ್ಲಜನಕವು ಮುಂದೆ ಸಾಗುತ್ತದೆ. ಇಲ್ಲಿ ಜರಡಿಯ ಹೋಲಿಕೆ ನಡೆಯುವುದಿಲ್ಲ. ಎರಡು ಅಣುಗಳ ಗಾತ್ರದಲ್ಲಿ ಹೇಳಿಕೊಳ್ಳುವಂತಹ ಅಂತರವೇ ಇಲ್ಲ, ಎರಡೂ ಕಿಂಡಿಯಲ್ಲಿ ನುಸುಳುತ್ತವೆ. ಆದರೆ ಬಾಡಿಗೆಗಿದ್ದ ಆ ಧನ ಅಯಾನುಗಳು ಸಾರಜನಕವನ್ನು ಆಮ್ಲಜನಕಕ್ಕಿಂತ ಬಲವಾಗಿ ಸೆಳೆದು ಹಿಡಿಯುತ್ತವೆ. ಕೋಣೆಗಳು ತುಂಬುತ್ತಿದ್ದಂತೆ ಒತ್ತಡವನ್ನು ಇಳಿಸುತ್ತಾರೆ. ಹಿಡಿದ ಸಾರಜನಕವನ್ನು ಹರಳು ಬಿಟ್ಟುಕೊಡುತ್ತದೆ. ಅಣ್ಣನ ಪಕ್ಕದಲ್ಲಿ ನಾನು ಕೇಳುತ್ತಿದ್ದ ಉಸಿರು ಇದೇ. ಅಷ್ಟರಲ್ಲಿ ಎರಡನೆಯ ಕೊಳಾಯಿ ಕೆಲಸಕ್ಕೆ ತೊಡಗಿರುತ್ತದೆ. ಹೀಗೆ ಸರದಿಯ ಮೇಲೆ ಹಿಡಿಯುತ್ತ ಬಿಡುತ್ತ ನೂರಕ್ಕೆ ಸುಮಾರು ತೊಂಬತ್ಮೂರು ಪಾಲು ಶುದ್ಧವಾದ ಆಮ್ಲಜನಕವನ್ನು ಕೊಡುತ್ತವೆ. ಸಾರಜನಕಕ್ಕಿಂತಲೂ ನೀರಿನ ಮೇಲೆ ಅವಕ್ಕೆ ಒಲವು ಹೆಚ್ಚು. ತೇವ ಸೇರಿದರೆ ಕೋಣೆಗಳನ್ನು ನೀರೇ ಹಿಡಿದುಬಿಡುತ್ತದೆ. ತಂತ್ರಜ್ಞನ ಎಚ್ಚರಿಕೆಗೆ ಅದೇ ಕಾರಣ. ಒಂದು ಮಾತನ್ನು ಸ್ಪಷ್ಟಪಡಿಸಬೇಕು: ಯಂತ್ರದಲ್ಲಿರುವುದು ಕಾ‌ರ್ಖಾನೆಯಲ್ಲಿ ಮಾಡಿದ ಬೇರೆ ಜಾತಿಯ ಜಿಯೋಲೈಟು. ನನ್ನ ಮೇಜಿನ ಮೇಲಿನ ಕಲ್ಲನ್ನು ಪುಡಿಮಾಡಿ ತುಂಬಿದರೆ ಆ ಕೆಲಸ ಆಗದು.

ಬೆಂಗಳೂರಿನ ರಕ್ಷಣಾ ಪ್ರಯೋಗಾಲಯವೊಂದರಲ್ಲಿ ತೇಜಸ್ ಯುದ್ಧವಿಮಾನದ ಚಾಲಕನಿಗೆ ಆಕಾಶದಲ್ಲಿ ಆಮ್ಲಜನಕವನ್ನು ಒದಗಿಸಲೆಂದು ಇದೇ ತತ್ತ್ವದ ಸಾಧನವನ್ನು ಮೊದಲೇ ರೂಪಿಸಿದ್ದರು. 2021ರಲ್ಲಿ ಅದೇ ವಿದ್ಯೆಯಿಂದ ಆಸ್ಪತ್ರೆಗಳಿಗೆ ಆಮ್ಲಜನಕದ ಸ್ಥಾವರಗಳನ್ನು ಕಟ್ಟಿದರು. ಅದಕ್ಕೆ ಬೇಕಾದ ಜಿಯೋಲೈಟ್ ಆ ಮೇ ತಿಂಗಳಿನಲ್ಲಿ ರೋಮ್ ನಗರದಿಂದ ವಿಮಾನಗಳಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಅಂದಿನ ಪತ್ರಿಕೆಗಳಲ್ಲಿ ಸಾವಿನ ಸುದ್ದಿಗಳ ನಡುವೆ ಅದೂ ಒಂದು ಸುದ್ದಿ.

ಅಣ್ಣ ಒಂಬತ್ತನೆಯ ದಿನ ಕೊಳವೆಯನ್ನು ತಾನೇ ಕಿತ್ತು, "ಸಾಕು, ಇದನ್ನ ಮತ್ತೊಬ್ಬರಿಗೆ ಕೊಡ್ರಿ" ಎಂದ. ಯಂತ್ರ ಅಂದೇ ಪಕ್ಕದ ಓಣಿಗೆ ಹೋಯಿತು.

ಆ ವರ್ಷ ದೀಪಾವಳಿಗೆ ಅವನು ನನ್ನ ಮನೆಗೆ ಬಂದಿದ್ದ. ಮೇಜಿನ ಮೇಲಿನ ಕಲ್ಲನ್ನು ಎತ್ತಿಕೊಂಡು ಅಂಗೈಯಲ್ಲಿ ತೂಗಿದ. ಮುರಿದ ಅಂಚಿನ ಮೇಲೆ ಹೆಬ್ಬೆರಳನ್ನು ಆಡಿಸಿದ. ನಾನು ಅವನಿಗೆ ಯಂತ್ರದ ಕಾಳುಗಳ ಕಥೆಯನ್ನೂ ಈ ಹರಳಿನ ನೀರಿನ ಕಥೆಯನ್ನೂ ಮೊದಲಿನಿಂದ ಹೇಳಿದೆ. ಅವನು ನಡುವೆ ಮಾತನಾಡಲಿಲ್ಲ.

"ಅಂದ್ರ ಅವತ್ತ ಅಪ್ಪನ ಕೈಯಾಗ ನೀರ ಇತ್ತ?"

"ಇತ್ತು."

"ಈಗೂ ಐತೇನು?"

"ಐತಿ. ಆರರಾಗ ಒಂದು ಪಾಲು."

ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬೀಳುತ್ತಿತ್ತು. ಅಣ್ಣ ಕಲ್ಲನ್ನು ಮೊದಲಿದ್ದ ಸ್ಥಳದಲ್ಲಿ ಇಡದೆ, ಪುಸ್ತಕಗಳ ಮಗ್ಗುಲಿಗೆ, ನೆರಳಿಗೆ ಸರಿಸಿಟ್ಟ.